ಹೋಬಳಿಗೆ ಬಂದ ಬೆಳ್ಳಿತೆರೆ

ದಾದಾಸಾಹೇಬ ಫಾಳ್ಕೆಯವರ ‘ರಾಜಾ ಹರಿಶ್ಚಂದ್ರ’ವು ಮುಂಬಯಿಯ ಕಾರೊನೇಷನ್ ಚಿತ್ರಗೃಹದಲ್ಲಿ ತೆರೆಯ ಮೇಲೆ ಮೂಡಿದ್ದು 1913ನೆಯ ಇಸವಿಯ ಮೇ 3ರಂದು. ಅದಕ್ಕೆ ಸರಿಯಾಗಿ ನೂರು ವರ್ಷ ತುಂಬಿದ ದಿನ ‘ಬಾಂಬೆ ಟಾಕೀಸ್’ ಎಂಬ ಹಿಂದೀ ಚಿತ್ರವೊಂದು ಬಿಡುಗಡೆಯಾಯಿತು. ಕರಣ್ ಜೋಹರ್, ದಿಬಾಕರ್ ಬ್ಯಾನರ್ಜಿ, ಜೋಯಾ ಅಖ್ತರ್, ಅನುರಾಗ್ ಕಶ್ಯಪ್ ಎಂಬ ನಾಲ್ವರು ನಿರ್ದೇಶಕರು ಒಂದೊಂದು ಸಣ್ಣಕಥೆಯನ್ನು ಹೇಳಿ, ಚಲಚ್ಚಿತ್ರವು ಸಾಮಾನ್ಯ ಜನರ ಬಾಳಿನೊಳಕ್ಕೆ ಯಾವ ಯಾವ ಬಾಗಿಲಿನಿಂದ ಪ್ರವೇಶಿಸಿತೆಂಬುದನ್ನು ತೋರಿಸಲು ಯತ್ನಿಸಿದ ಕಥಾಗುಚ್ಛವದು. ಸತ್ಯಜಿತ್ ರಾಯ್ ಅವರ ಕಥೆಯೊಂದನ್ನು ಆಧರಿಸಿದ ಎರಡನೆಯ ಭಾಗದಲ್ಲಿ, ಬಾಳಿನಲ್ಲಿ ಸೋತು ಕುಳಿತ ನಟನೊಬ್ಬನಿಗೆ ಆಕಸ್ಮಿಕವಾಗಿ ಕ್ಷಣಮಾತ್ರದ ಪಾತ್ರವೊಂದು ದೊರೆಯುತ್ತದೆ. ಕೊನೆಯ ಭಾಗದಲ್ಲಿ ಅಲಹಾಬಾದಿನ ಯುವಕನೊಬ್ಬನು ಮನೆಯಲ್ಲಿ ಮಾಡಿದ ಮುರಬ್ಬವನ್ನು ಹೊತ್ತು ಮುಂಬಯಿಗೆ ಹೋಗಿ, ಅಮಿತಾಭ್ ಬಚ್ಚನ್ನರು ಅರ್ಧ ಕಚ್ಚಿ ಕೊಟ್ಟರೆ ಉಳಿದರ್ಧವನ್ನು ಕಾಯಿಲೆಯ ತಂದೆಗೆ ಪ್ರಸಾದದಂತೆ ಒಯ್ಯಬೇಕೆಂದು ಆ ಮಹಾನಟನ ಬಾಗಿಲಲ್ಲಿ ಕಾದು ನಿಲ್ಲುತ್ತಾನೆ.

ಈ ಕಥೆಗಳಲ್ಲೆಲ್ಲ ದಾರಿಯು ಒಂದೇ ದಿಕ್ಕಿನದು: ತಾರೆಯು ಮೇಲಿರುವನು, ಜನ ಕೆಳಗಿರುವರು, ಬೆಳಕು ಮೇಲಿನಿಂದ ಇಳಿಯುವುದು. ಬೆಂಗಳೂರಿನ ವಾಯವ್ಯಕ್ಕೆ, ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲಿನಂತಹ ಹೋಬಳಿಯ ಊರಿನಲ್ಲಿ ನಿಂತು ಇದೇ ಇತಿಹಾಸವನ್ನು ನೋಡಿದರೆ, ಕೊಡುಕೊಳ್ಳುವಿಕೆಯು ಅಷ್ಟು ಏಕಮುಖವಾಗಿ ನಡೆಯಲಿಲ್ಲವೆಂಬುದು ಗೋಚರವಾಗುತ್ತದೆ. ಜನರು ಚಿತ್ರದಿಂದ ಪಡೆದದ್ದು ಎಷ್ಟೋ, ಚಿತ್ರಕ್ಕೆ ಅವರು ಕೊಟ್ಟದ್ದೂ ಅಷ್ಟೇ. ಪಡೆದುದರಲ್ಲಿ ಬಾಳಿ ಉಳಿದದ್ದು ತಾರೆಯ ಮೋಹವಲ್ಲ, ಅದರಿಂದ ಹುಟ್ಟಿದ ಕೆಲವು ನಡವಳಿಕೆಗಳು.

ತ್ಯಾಮಗೊಂಡ್ಲು ಹಿಂದಿನಿಂದಲೂ ವರ್ತಕರ ಊರು. ಸುತ್ತಲಿನ ರಾಗಿಯ ಸೀಮೆಯ ಧಾನ್ಯವು ಗಾಡಿಗಳಲ್ಲಿ ಬಂದು ಇಲ್ಲಿ ಕೈಬದಲಾಗುತ್ತಿದ್ದಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೂ, ಅಲ್ಲಿಂದ ಮುಂದೆ ಗುಬ್ಬಿಗೂ ರೈಲುಹಾದಿ ತೆರೆದಾಗ ದೊಡ್ಡಬೆಲೆಯ ನಿಲ್ದಾಣವು ಈ ಊರಿಗೆ ಸಮೀಪವಾಗಿ ಒದಗಿತು. ಆ ಹಾದಿಯ ಆಚೆಯ ತುದಿಯಲ್ಲಿದ್ದ ಗುಬ್ಬಿಯಲ್ಲಿ ಅದೇ 1884ರಲ್ಲಿಯೇ ಚನ್ನಬಸವೇಶ್ವರ ನಾಟಕ ಕಂಪನಿಯು ಸ್ಥಾಪಿತವಾದುದು ನಮ್ಮ ಕಥೆಗೆ ಅತ್ಯಂತ ಪ್ರಸ್ತುತವಾದ ಸಂಗತಿ. ಏಕೆಂದರೆ ಹಳೆಯ ಮೈಸೂರು ಸೀಮೆಯ ಹಳ್ಳಿಗರು ಚಲಚ್ಚಿತ್ರವನ್ನು ನೋಡುವುದಕ್ಕೆ ಕಲಿತದ್ದು ಕಂಪನಿ ನಾಟಕದ ಡೇರೆಯಲ್ಲಿ. ಟಿಕೆಟು ಕೊಂಡು ಒಳಹೋಗುವುದು, ನೆಲ, ಬೆಂಚು, ಕುರ್ಚಿ ಎಂಬ ದರ್ಜೆಗಳಲ್ಲಿ ಕುಳಿತುಕೊಳ್ಳುವುದು, ಹೆಂಗಸರಿಗೆ ಬೇರೆ ಜಾಗ ಬಿಡುವುದು, ಒಂದೂರಿನಲ್ಲಿ ಕೆಲವು ತಿಂಗಳು ಕ್ಯಾಂಪು ಮಾಡಿ ಗಳಿಕೆ ಇಳಿದೊಡನೆ ಗಾಡಿ ಕಟ್ಟುವುದು, ಇವೆಲ್ಲವನ್ನೂ ಟೂರಿಂಗ್ ಟಾಕೀಸು ನಾಟಕದವರಿಂದಲೇ ಪಡೆದುಕೊಂಡಿತು. ನಟರೂ ಅಲ್ಲಿಂದಲೇ ಬಂದರು. ಗುಬ್ಬಿ ವೀರಣ್ಣನವರು ನಡೆಸುತ್ತಿದ್ದ ಆ ಚನ್ನಬಸವೇಶ್ವರ ಕಂಪನಿಯಲ್ಲಿ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೊಡನೆ ಬೆಳೆದ ಮುತ್ತುರಾಜನೆಂಬ ಹುಡುಗನೇ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರನಾದುದು.

ಕನ್ನಡಕ್ಕೆ ಮಾತಿನ ಚಿತ್ರ ಬಂದದ್ದು 1934ರ ಮಾರ್ಚಿ 3ರಂದು, ‘ಸತಿ ಸುಲೋಚನ’ವು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಾಗ. ವೈ. ವಿ. ರಾವ್ ಅವರು ನಿರ್ದೇಶಿಸಿದ ಆ ಚಿತ್ರದಲ್ಲಿ ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅಭಿನಯಿಸಿದರು, ಚಿತ್ರೀಕರಣಕ್ಕೆ ಮಾತ್ರ ಕೊಲ್ಲಾಪುರದವರೆಗೆ ಹೋಗಬೇಕಾಯಿತು. ಹಿಮಾಂಶು ರಾಯ್ ಮತ್ತು ದೇವಿಕಾರಾಣಿ ದಂಪತಿಗಳು ಮುಂಬಯಿಯಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯನ್ನು ಕಟ್ಟಿದ್ದೂ ಅದೇ ವರ್ಷ. ಶತಮಾನೋತ್ಸವದ ಹಿಂದೀ ಚಿತ್ರವು ಈ ಸಂಸ್ಥೆಯ ಹೆಸರನ್ನೇ ಹೊತ್ತುಕೊಂಡಿತು.

ಆದರೆ ಪ್ಯಾರಾಮೌಂಟ್ ಮಂದಿರದ ತೆರೆಗೂ ಹೋಬಳಿಯ ಕಣ್ಣಿಗೂ ಬಹಳ ದೂರವಿದ್ದಿತು. ಆ ದೂರವನ್ನು ಕ್ರಮಿಸಿದುದು ಡೇರೆ. ಊರ ಹೊರಗಿನ ಬಯಲಿನಲ್ಲಿ ಕಂಬ ನೆಟ್ಟು, ಮೇಲೆ ಗುಡಾರದ ಬಟ್ಟೆ ಎಳೆದು, ಸುತ್ತ ತಡಿಕೆಯನ್ನೋ ತಗಡನ್ನೋ ನಿಲ್ಲಿಸಿದರೆ ಟಾಕೀಸು ಸಿದ್ಧ. ಯಂತ್ರದ ಕೋಣೆಯೊಂದನ್ನು ಮಾತ್ರ ಬೆಂಕಿಯ ಭಯದಿಂದ ಭದ್ರವಾಗಿ ಕಟ್ಟಬೇಕಾಗಿದ್ದಿತು. ಮೊದಲ ಕಾಲದ ನೈಟ್ರೇಟ್ ಫಿಲ್ಮು ಕಿಡಿ ತಾಕಿದರೆ ಭಗ್ಗನೆ ಹೊತ್ತಿಕೊಳ್ಳತಕ್ಕ ವಸ್ತು. 1964ರ ಸಿನಿಮಾ ನಿಯಂತ್ರಣ ಶಾಸನದಡಿಯಲ್ಲಿ ಈ ಡೇರೆಗಳಿಗೂ ಪರವಾನಗಿ ಬೇಕಾಗಿದ್ದಿತು. ಬಟ್ಟೆಯ ಗೋಡೆಯೊಳಗೆ ಹಗಲಿನಲ್ಲಿ ಕತ್ತಲೆ ಮಾಡುವುದು ಸಾಧ್ಯವಿಲ್ಲವಾದುದರಿಂದ ಡೇರೆಗೆ ಮ್ಯಾಟಿನಿಯೆಂಬುದಿರಲಿಲ್ಲ. ಸೂರ್ಯನು ಮುಳುಗಿದ ಮೇಲೆ ಫಸ್ಟ್ ಷೋ, ಅದು ಬಿಟ್ಟ ಮೇಲೆ ಸೆಕೆಂಡ್ ಷೋ. ಮಳೆಗಾಲವು ಟಾಕೀಸಿನವನ ವೈರಿ, ಸುಗ್ಗಿ ಅವನ ಬಂಧು. ರಾಗಿಯ ಕಣಗೆಲಸ ಮುಗಿದು, ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ ತಿಂಗಳುಗಳಲ್ಲಿಯೇ ಅವನ ವ್ಯಾಪಾರವೂ ಕುದುರುತ್ತಿದ್ದುದು.

ಬೆಳಗಿನಲ್ಲಿ ಪೋಸ್ಟರು ಕಟ್ಟಿದ ಗಾಡಿಯೊಂದು ತಮಟೆಯ ಸದ್ದಿನೊಡನೆ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದಿತು. ಬಣ್ಣಬಣ್ಣದ ಕರಪತ್ರಗಳಿಗಾಗಿ ಹುಡುಗರು ಅದರ ಹಿಂದೆ ಧೂಳಿನಲ್ಲಿ ಓಡುತ್ತಿದ್ದರು. ಸಂಜೆ ಡೇರೆಯ ಕಂಬದ ತುದಿಯ ಲೌಡ್‌ಸ್ಪೀಕರು ಹಾಡತೊಡಗಿದರೆ ಮೈಲಿ ದೂರದ ಹಳ್ಳಿಗಳಲ್ಲಿ ಅಡುಗೆಯ ಕೆಲಸವು ಚುರುಕಾಗುತ್ತಿದ್ದಿತು. ಎಷ್ಟೋ ಡೇರೆಗಳಲ್ಲಿ ಘಂಟಸಾಲ ಅವರ ವೆಂಕಟೇಶ್ವರ ಸ್ತುತಿಯ ಪ್ಲೇಟು ಹಾಕಿದರೆಂದರೆ ಆಟವು ಪ್ರಾರಂಭವಾಗುವ ಹೊತ್ತು ಬಂದಿತೆಂದೇ ಅರ್ಥ. ದಾರಿಯಲ್ಲಿದ್ದವರು ಆ ಹಾಡನ್ನು ಕೇಳಿ ಹೆಜ್ಜೆ ಹಾಕುತ್ತಿದ್ದರು. ಗಡಿಯಾರವಿಲ್ಲದ ಹಳ್ಳಿಗೆ ಸಂಜೆಯ ವೇಳೆಯನ್ನು ಹೇಳುವ ಗಂಟೆಯೂ ಅದೇ ಆಗಿದ್ದಿತು.

ಒಳಗೆ ನೆಲದ ಟಿಕೆಟಿನವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕುಳಿತು ಮುಂದಿನವನ ತಲೆಯಿಂದ ಪಾರಾಗುತ್ತಿದ್ದರು. ಮುಂದಿನವನು ಇನ್ನೂ ಎತ್ತರದ ಗುಡ್ಡೆ ಮಾಡಿದರೆ ಅಲ್ಲಿಗೆ ಜಗಳವು ಹುಟ್ಟುತ್ತಿದ್ದಿತು. ಮೊದಲು ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ. 1948ರಲ್ಲಿ ಪ್ರಾರಂಭವಾದ ಆ ಸರ್ಕಾರಿ ಸಂಸ್ಥೆಯ ಚಿತ್ರಗಳಲ್ಲಿಯೇ ಅಣೆಕಟ್ಟುಗಳೂ ಉಕ್ಕಿನ ಕಾರ್ಖಾನೆಗಳೂ ಪ್ರಧಾನಮಂತ್ರಿಗಳ ನಡಿಗೆಯೂ ಮೊದಲ ಬಾರಿಗೆ ಹಳ್ಳಿಗರ ಕಣ್ಣಿಗೆ ಬಿದ್ದುವು. ಅನಂತರ ಕಥಾಚಿತ್ರ. ಸಾವಿರ ಅಡಿಯ ರೀಲು ಸುಮಾರು 11 ನಿಮಿಷ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರವೆಂದರೆ 14 ರೀಲಿಗೆ ಕಡಮೆಯಿಲ್ಲ. ಡೇರೆಯಲ್ಲಿ ಬಹುಮಟ್ಟಿಗೆ ಇರುತ್ತಿದ್ದುದು ಒಂದೇ ಯಂತ್ರವಾದುದರಿಂದ, ರೀಲು ಬದಲಾಯಿಸುವಾಗಲೆಲ್ಲ ಕಥೆಯು ನಿಂತು ದೀಪ ಹತ್ತುತ್ತಿದ್ದಿತು. ಆ ಬಿಡುವುಗಳಲ್ಲಿ ಕಡಲೆಪುರಿ, ಚಕ್ಕುಲಿ, ಗೋಲಿಸೋಡಗಳ ವ್ಯಾಪಾರ.

ಯಂತ್ರದ ಕೋಣೆಯಲ್ಲಿ ಆಪರೇಟರನ ಪಾಡು ಬೇರೆ. ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವಿನ ಸಣ್ಣ ಸಂದಿನಲ್ಲಿ ವಿದ್ಯುತ್ತು ಜಿಗಿದು ಕಣ್ಣು ಕುಕ್ಕುವ ಬಿಳಿಯ ಜ್ವಾಲೆ ಹುಟ್ಟುತ್ತದೆ. ಕಡ್ಡಿಗಳು ಉರಿದಂತೆಲ್ಲ ಸಂದು ಹಿಗ್ಗುತ್ತದೆ, ತೆರೆಯ ಚಿತ್ರ ಮಂಕಾಗುತ್ತದೆ. ಕಪ್ಪು ಗಾಜಿನ ಕಿಂಡಿಯೊಳಗೆ ಕಣ್ಣಿಟ್ಟು, ತಿರುಪನ್ನು ಆಗಾಗ ತಿರುವಿ, ಕಡ್ಡಿಗಳನ್ನು ಹತ್ತಿರಕ್ಕೆ ತರುತ್ತಿರುವುದು ಅವನ ಕೆಲಸ. ಒಂದು ಗಳಿಗೆ ಮೈಮರೆತರೆ ನಾಯಕಿಯ ಮುಖಕ್ಕೆ ಗ್ರಹಣ ಹಿಡಿದು ನೆಲದವರಿಂದ ಸೀಟಿಗಳ ಸುರಿಮಳೆಯಾಗುವುದು. ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರಿಂದ ಬಸ್ಸಿನ ಮೇಲೋ ರೈಲಿನಲ್ಲೋ ಡಬ್ಬಗಳಲ್ಲಿ ಬರುತ್ತಿದ್ದ ಪ್ರಿಂಟು ದೊಡ್ಡ ಊರುಗಳಲ್ಲೆಲ್ಲ ಓಡಿ ಸವೆದದ್ದು. ತುಂಡಾದೆಡೆಯಲ್ಲಿ ಅಂಚನ್ನು ಕೆರೆದು, ಸಿಮೆಂಟು ಸವರಿ, ಒತ್ತಿ ಹಿಡಿದು ಆಪರೇಟರು ಅಂಟಿಸುತ್ತಿದ್ದನು. ಅಂಟಿಸಿದಾಗಲೆಲ್ಲ ಕೆಲವು ಚೌಕಗಳು ಹಾರಿಹೋಗುತ್ತಿದ್ದುವು. ಹೀಗೆ ರಾಜಧಾನಿಯವರು ಪೂರ್ತಿ ಕೇಳಿದ ಹಾಡನ್ನು ಹೋಬಳಿಯವರು ಒಂದು ಚರಣ ಕಡಮೆಯಾಗಿ ಕೇಳುತ್ತಿದ್ದರು. ಬಿಟ್ಟುಹೋದದ್ದನ್ನು ಗಾಡಿಯಲ್ಲಿ ಮನೆಗೆ ಹಿಂದಿರುಗುವಾಗ ತಾವೇ ಊಹಿಸಿ ತುಂಬಿಕೊಳ್ಳುತ್ತಿದ್ದರು. ಪ್ರೇಕ್ಷಕನು ಚಿತ್ರಕ್ಕೆ ಕೊಟ್ಟ ಮೊದಲ ಕಾಣಿಕೆ ಇದೇ ಎನ್ನಬಹುದು.

ಈ ಡೇರೆಗಳು ಜನಜೀವನದಲ್ಲಿ ತಂದ ಪರಿವರ್ತನೆಯಲ್ಲಿ ಕಥೆಗಿಂತ ಮೊದಲು ಗಣಿಸಬೇಕಾದದ್ದು ಕೂಟ. ಜಾತ್ರೆಯನ್ನೂ ಹಬ್ಬವನ್ನೂ ಬಿಟ್ಟರೆ ರಾತ್ರಿಯ ವೇಳೆ ಊರ ಗಡಿ ದಾಟದ ಹೆಂಗಸರು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಗುಂಪುಗೂಡಿ ಹೊರಟರು. ಟಿಕೆಟಿನ ದರ್ಜೆಯು ಕಾಸಿನ ಮೇಲೆ ನಿಂತದ್ದು, ಕುಲದ ಮೇಲಲ್ಲ. ಕೇರಿಗಳು ಬೇರೆ ಬೇರೆಯಾಗಿದ್ದ ಊರಿನಲ್ಲಿ, ಒಂದೇ ಮರಳಿನ ಮೇಲೆ, ಒಂದೇ ಕತ್ತಲೆಯಲ್ಲಿ ಎಲ್ಲರೂ ಕುಳಿತು ಒಂದೇ ದುಃಖಕ್ಕೆ ಕಣ್ಣೊರೆಸಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಬೆಳಗಾದರೆ ಕೇರಿಗಳು ಮತ್ತೆ ಬೇರೆಯೇ ಆಗಿದ್ದುವೆಂಬುದೂ ನಿಜ.

ಆ ಮೇಲೆ ಕಥೆಯ ಮಾತು. 1972ರಲ್ಲಿ ಸಿದ್ಧಲಿಂಗಯ್ಯನವರು ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ವು ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬ ಖ್ಯಾತಿಯನ್ನು ಪಡೆದಿದೆ. ಭಾವನು ತೀರಿಕೊಂಡ ಮೇಲೆ ಅಕ್ಕನ ಸಂಸಾರವನ್ನು ಹೊತ್ತ ರಾಜೀವನು ಕಲ್ಲುಭೂಮಿಯನ್ನು ಒಡೆದು ಬೆಳೆ ತೆಗೆಯುವ ಆ ಕಥೆಯನ್ನು ಕಂಡು, ಪಟ್ಟಣದ ಕೆಲಸವನ್ನು ಬಿಟ್ಟು ಹಳ್ಳಿಗೆ ಹಿಂದಿರುಗಿ ನೇಗಿಲು ಹಿಡಿದವರಿದ್ದರೆಂಬ ಮಾತು ಕರ್ಣಾಟಕದಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಲಹಾಬಾದಿನ ಯುವಕನು ತಾರೆಯ ಎಂಜಲಿಗಾಗಿ ನಗರಕ್ಕೆ ಹೋದನು; ಇಲ್ಲಿಯವರಾದರೋ ಚಿತ್ರವನ್ನು ಕಂಡು ನಗರದಿಂದ ಮನೆಗೆ ಬಂದರು. ಕಥಾನಾಯಕನು ಕೊನೆಗೆ ಬೆಳೆಸಿದುದೆಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ನಡೆದುಹೋಗುತ್ತಾನೆ. ನೋಡಿದವರು ಆ ನಿರ್ಗಮನಕ್ಕೆ ಅತ್ತು, ಅನುಸರಿಸುವಾಗ ಮಾತ್ರ ಉಳುಮೆಯನ್ನು ಆರಿಸಿಕೊಂಡರು. ಇದು ಪ್ರಭಾವಕ್ಕೆ ಒಳಗಾದವರ ವಿವೇಕ.

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರವು ಪ್ರಾರಂಭವಾದ ಮೇಲೆ ಡೇರೆಯ ಇಳಿಗಾಲ ಬಂದಿತು. ಟಿ.ವಿ. ಇದ್ದ ಮನೆಯ ಜಗುಲಿಯು ಡೇರೆಯ ಸ್ಥಾನವನ್ನು ಆಕ್ರಮಿಸಿತು. ಬಳಿಕ ವೀಡಿಯೊ ಕ್ಯಾಸೆಟ್ಟು ಬಂದಿತು. ರಾಜಧಾನಿಗೆ ಬಸ್ಸಿನಲ್ಲಿ ಹೋಗಿ ಹೊಸ ಪ್ರಿಂಟನ್ನೇ ನೋಡಿಬರುವ ಅನುಕೂಲವೂ ಹೆಚ್ಚಿತು. ನಗರವು ತನ್ನತ್ತ ಬೆಳೆದಂತೆಲ್ಲ ಈ ತಾಲ್ಲೂಕು ಅದರ ಹೊಸ್ತಿಲೇ ಆಯಿತು.

ಡೇರೆ ಹೋದರೂ ಅದರಲ್ಲಿ ಬೆಸೆದ ಬಾಂಧವ್ಯ ಹೋಗಲಿಲ್ಲವೆಂಬುದಕ್ಕೆ ಈ ತಾಲ್ಲೂಕಿನಲ್ಲಿಯೇ ಸಾಕ್ಷಿಯಿದೆ. 1961ರ ‘ಕಣ್ತೆರೆದು ನೋಡು’ ಚಿತ್ರದಲ್ಲಿ ರಾಜಕುಮಾರರು ಕುರುಡ ಗಾಯಕನಾಗಿ ಅಭಿನಯಿಸಿದರು; ಅದರಲ್ಲಿ ನಟಿಸಿದ ಲೀಲಾವತಿಯವರು, ನೂರಾರು ಚಿತ್ರಗಳ ಬಳಿಕ, ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ಮಗ ವಿನೋದರಾಜ್ ಅವರೊಡನೆ ತೋಟ ಮಾಡಿಕೊಂಡು ನೆಲೆಸಿ, ತಮ್ಮ ಸ್ವಂತ ಹಣದಿಂದ ಹಳ್ಳಿಗರಿಗೆ ಆಸ್ಪತ್ರೆ ಕಟ್ಟಿಸಿದರು; ದನಕರುಗಳಿಗೂ ಒಂದು ಪಶುಚಿಕಿತ್ಸಾಲಯವನ್ನು ಕಟ್ಟಿಸಿ, 2023ರ ಡಿಸೆಂಬರ್ 8ರಂದು ನೆಲಮಂಗಲದಲ್ಲಿಯೇ ಕೊನೆಯುಸಿರೆಳೆದರು. ರಾಜಕುಮಾರರು ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದೇ ಕರೆಯುತ್ತಿದ್ದರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ, ಮೊದಲೇ ವಾಗ್ದಾನ ಮಾಡಿದ್ದಂತೆ, ಅವರ ಕಣ್ಣುಗಳನ್ನು ದಾನಮಾಡಲಾಯಿತು. ಅವರ ಕಿರಿಯ ಮಗ ಪುನೀತರು 2021ರ ಅಕ್ಟೋಬರ್ 29ರಂದು ಅಕಾಲದಲ್ಲಿ ಅಗಲಿದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಆ ಬಳಿಕ ನೇತ್ರದಾನಕ್ಕೆ ಹೆಸರು ಬರೆಸಲು ರಾಜ್ಯದಾದ್ಯಂತ ಜನರು ಮುಂದೆ ಬಂದರು.

ಚಲಚ್ಚಿತ್ರದ ಪ್ರಭಾವವನ್ನು ಅಳೆಯುವವರು ಸಾಮಾನ್ಯವಾಗಿ ಕೂದಲಿನ ಬೈತಲೆಯನ್ನೂ ಅಂಗಿಯ ಕತ್ತರಿಕೆಯನ್ನೂ ಕಟೌಟಿಗೆ ಎರೆದ ಹಾಲನ್ನೂ ಎಣಿಸುತ್ತಾರೆ. ಅವೂ ಇದ್ದುವು, ಆದರೆ ಒಂದು ತಲೆಮಾರಿನೊಡನೆ ಅವು ಮುಗಿದುಹೋಗುವಂತಹವು. ಉತ್ತ ಹೊಲ, ಕಟ್ಟಿಸಿದ ಆಸ್ಪತ್ರೆ, ಬರೆಸಿದ ನೇತ್ರದಾನದ ಪತ್ರ ಇವು ಕೂಡ ಆ ಲೆಕ್ಕಕ್ಕೇ ಸೇರಬೇಕು. ಶತಮಾನೋತ್ಸವದ ಕಥಾಗುಚ್ಛಕ್ಕೆ ಐದನೆಯ ಕಥೆಯೊಂದನ್ನು ಸೇರಿಸುವ ಅವಕಾಶ ನಮ್ಮ ಹೋಬಳಿಗಳಿಗೆ ದೊರೆತಿದ್ದರೆ, ಅದರಲ್ಲಿ ತಾರೆಯ ಬಾಗಿಲಲ್ಲಿ ಯಾರೂ ಕಾಯುತ್ತಿರಲಿಲ್ಲ. ತಾರೆಯೇ ತಾಲ್ಲೂಕಿಗೆ ಬಂದು ನೆಲೆಸಿ, ತನ್ನ ಪ್ರೇಕ್ಷಕರಿಗೆ ಔಷಧದ ಬಾಗಿಲನ್ನು ತೆರೆಯುತ್ತಿದ್ದಳು.