ಗಾಂಜಾದ ರಾಳವೂ ಮದ್ಯಸಾರವೂ: ಅಳತೆಗೆ ಸಿಗದ ಒಂದು ಮದ್ದಿನ ಚರಿತ್ರೆ

ಗಾಂಜಾ ಗಿಡದ ಮಾದಕಗುಣವಿರುವುದು ಮುಖ್ಯವಾಗಿ ಅದರ ರಾಳದಲ್ಲಿ. ಆ ರಾಳವು ನೀರಿನಲ್ಲಿ ಕರಗದು. ತುಪ್ಪದಲ್ಲಿಯೂ ಮದ್ಯಸಾರದಲ್ಲಿಯೂ ಕರಗುತ್ತದೆ. ತುಪ್ಪದ ಗುಣವನ್ನು ನಮ್ಮ ದೇಶದಲ್ಲಿ ಮಾಜೂನು ಮಾಡುವವರು ಬಹುಕಾಲದಿಂದಲೇ ಅರಿತಿದ್ದರು. ಮದ್ಯಸಾರದ ಗುಣವನ್ನು ಪಾಶ್ಚಾತ್ಯ ಔಷಧಶಾಸ್ತ್ರಕ್ಕೆ ತಂದುಕೊಟ್ಟ ಕೀರ್ತಿ ಮಾತ್ರ 1839ರ ಕಲ್ಕತ್ತೆಗೆ ಸಲ್ಲತಕ್ಕದ್ದು.

ಐರ್ಲೆಂಡಿನ ಲಿಮರಿಕ್‌ನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯವಿದ್ಯೆ ಕಲಿತ ವಿಲಿಯಂ ಬ್ರೂಕ್ ಓಶಾನೆಸಿಯವರು 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯರಾಗಿ ಬಂಗಾಳಕ್ಕೆ ಬಂದರು. 1835ರಲ್ಲಿ ಸ್ಥಾಪಿತವಾದ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರದ ಅಧ್ಯಾಪಕರು. ಮುಂದೆ ಭಾರತದಲ್ಲಿ ತಂತಿವ್ಯವಸ್ಥೆಯನ್ನು ಹರಡಿದವರೂ ಅವರೇ. ಗಾಂಜಾವನ್ನು ಕುರಿತು ಬರೆಯುವಾಗ ಅವರು ಪಂಡಿತ ಮಧುಸೂದನ ಗುಪ್ತ, ಕಮಲಾಕಾಂತ ವಿದ್ಯಾಲಂಕಾರ, ಹೂಗ್ಲಿಯ ಇಮಾಂಬಾಡದ ಸೈಯದ್ ಕೆರಾಮತ್ ಅಲಿ ಮೊದಲಾದವರ ನೆರವನ್ನು ಪಡೆದರು. ಆ ಬಳಿಕ ಮದ್ಯಸಾರದ ಮೂಲಕ ರಾಳವನ್ನು ಬೇರ್ಪಡಿಸಿ, ಗಟ್ಟಿಸತ್ತ್ವವಾಗಿಯೂ ಟಿಂಕ್ಚರ್ ಆಗಿಯೂ ಸಿದ್ಧಪಡಿಸಿ, ಮೊದಲು ಪ್ರಾಣಿಗಳ ಮೇಲೆ, ಅನಂತರ ರೋಗಿಗಳ ಮೇಲೆ ಪ್ರಯೋಗಿಸಿದರು.

ಆ ಪ್ರಯೋಗಗಳಲ್ಲಿ ಒಂದು ವಿಶೇಷವಾಗಿ ಗಮನಾರ್ಹ. 1838ರ ನವೆಂಬರಿನಲ್ಲಿ ಸಂಧಿವಾತದ ಮೂವರು ರೋಗಿಗಳಿಗೆ ತಲಾ ಒಂದು ಗ್ರೇನ್, ಎಂದರೆ ಸುಮಾರು 65 ಮಿಲಿಗ್ರಾಂ, ರಾಳವನ್ನು ಕೊಡಲಾಯಿತು. ಒಬ್ಬನು ಮೊದಲು ಹಾಡಿ, ಊಟ ಕೇಳಿ, ಕೊನೆಗೆ ಎಚ್ಚರತಪ್ಪಿ, ಕೈಕಾಲುಗಳನ್ನು ಇಟ್ಟಂತೆಯೇ ಇರಿಸಿಕೊಂಡು ಮಲಗಿಬಿಟ್ಟನು. ಮತ್ತೊಬ್ಬನಿಗೆ ಏನೂ ಆಗಲಿಲ್ಲ. ವಿಚಾರಿಸಿದಾಗ ಅವನು ಗಾಂಜಾ ಸೇದುವ ಅಭ್ಯಾಸದವನೆಂದು ತಿಳಿಯಿತು. ತೂಕ ಒಂದೇ, ಪರಿಣಾಮ ಬೇರೆಬೇರೆ. ಮುಂದಿನ ಒಂದು ಶತಮಾನದ ತೊಡಕೆಲ್ಲವೂ ಆ ದಿನದ ಆ ವಾರ್ಡಿನಲ್ಲಿಯೇ ಕಾಣಿಸಿಕೊಂಡಿತ್ತೆನ್ನಬಹುದು. ಆದರೂ ನಿರಾಶೆಗೆ ಕಾರಣವಿರಲಿಲ್ಲ. 1839ರಲ್ಲಿ ಸೆಳವಿನಿಂದ ನರಳುತ್ತಿದ್ದ ನಲವತ್ತು ದಿನಗಳ ಹೆಣ್ಣುಕೂಸು ಟಿಂಕ್ಚರಿನ ಹನಿಗಳಿಂದ ಚೇತರಿಸಿಕೊಂಡಿತು.

1840ರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ಹೋದಾಗ ಓಶಾನೆಸಿಯವರು ಗಾಂಜಾವನ್ನು ಜೊತೆಗೆ ಒಯ್ದರು. ಲಂಡನ್ನಿನ ಔಷಧವ್ಯಾಪಾರಿ ಪೀಟರ್ ಸ್ಕ್ವೈರ್ ಅದರಿಂದ ಸತ್ತ್ವವನ್ನು ತಯಾರಿಸಿದನು. 1864ರ ಬ್ರಿಟಿಷ್ ಫಾರ್ಮಕೋಪಿಯಾದಲ್ಲಿ ಸತ್ತ್ವಕ್ಕೂ ಟಿಂಕ್ಚರಿಗೂ ಸ್ಥಾನ ದೊರೆಯಿತು. ಆದರೆ ಮದ್ಯಸಾರವು ರಾಳವನ್ನು ಕರಗಿಸಿಕೊಡುತ್ತದೆಯೇ ಹೊರತು, ಆ ರಾಳದ ಶಕ್ತಿ ಎಷ್ಟೆಂದು ಹೇಳಲಾರದು. ಬೆಳೆದ ನೆಲ, ಗಿಡದ ಜಾತಿ, ದಾಸ್ತಾನಿನ ಕಾಲ ಇವುಗಳಿಗೆ ತಕ್ಕಂತೆ ಆ ಶಕ್ತಿ ಏರಿಳಿಯುತ್ತದೆ, ಹಳೆಯದಾದಷ್ಟೂ ಕುಂದುತ್ತದೆ. ಮೂವತ್ತು ವರ್ಷಗಳ ಅನುಭವವಿದ್ದ ವೈದ್ಯ ರಸೆಲ್ ರೆನಾಲ್ಡ್ಸ್ 1890ರಲ್ಲಿಯೂ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸಬೇಕೆಂದೇ ಬೋಧಿಸಬೇಕಾಯಿತು. ಅಫೀಮಿನ ಪಾಡು ಹೀಗಿರಲಿಲ್ಲ. ಅದರ ಮಾರ್ಫಿನ್ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ಶುದ್ಧರೂಪದಲ್ಲಿ ದೊರೆತಿತ್ತು. ಅದರ ಲವಣಗಳು ನೀರಿನಲ್ಲಿ ಕರಗುವುದರಿಂದ ಸೂಜಿಮದ್ದಿಗೂ ಒದಗಿದವು.

ಇತ್ತ 1893ರಲ್ಲಿ ನೇಮಕವಾದ ಭಾರತೀಯ ಗಾಂಜಾ ಆಯೋಗವು 1,193 ಸಾಕ್ಷಿಗಳನ್ನು ವಿಚಾರಿಸಿ, ಭಂಗಿ, ಗಾಂಜಾ, ಚರಸ್ ಇವುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಸಂಪೂರ್ಣ ನಿಷೇಧ ಅಗತ್ಯವೂ ಅಲ್ಲ, ಉಚಿತವೂ ಅಲ್ಲವೆಂದು 1894ರಲ್ಲಿ ವರದಿ ಕೊಟ್ಟಿತು. ಆದರೆ ಔಷಧವಾಗಿ ಅದರ ಸ್ಥಾನ ಉಳಿಯಲಿಲ್ಲ. ಬ್ರಿಟಿಷ್ ಫಾರ್ಮಕೋಪಿಯಾ 1932ರಲ್ಲಿ ಅದನ್ನು ಕೈಬಿಟ್ಟಿತು, ಅಮೆರಿಕದ್ದು 1942ರಲ್ಲಿ. ಕಾನೂನಿನ ಬಿಗಿಯೂ ಇದಕ್ಕೆ ಕಾರಣವೇ. ಆದರೂ ಕಾನೂನು ಕೈಯಿಕ್ಕುವ ಮುನ್ನವೇ ವೈದ್ಯರ ನಂಬಿಕೆ ಸಡಿಲವಾಗಿತ್ತೆಂಬುದನ್ನು ಮರೆಯಲಾಗದು. ಮಾದಕಾಂಶವಾದ ಟೆಟ್ರಾಹೈಡ್ರೊಕೆನಾಬಿನಾಲ್ ಅನ್ನು ಗಾವೊನಿ ಮತ್ತು ಮೆಶೂಲಮ್ ಶುದ್ಧರೂಪದಲ್ಲಿ ಪಡೆದದ್ದು 1964ರಲ್ಲಿ; ಅಷ್ಟರಲ್ಲಿ ಟಿಂಕ್ಚರಿನ ಕಾಲ ಮುಗಿದುಹೋಗಿತ್ತು.

ಔಷಧಶಾಲೆ ಬಿಟ್ಟುಕೊಟ್ಟ ಕೆಲಸವನ್ನು ಕಾಲಾಂತರದಲ್ಲಿ ಮನೆಯ ಅಡುಗೆಮನೆ ಎತ್ತಿಕೊಂಡಿತು. ಪಾಶ್ಚಾತ್ಯ ದೇಶಗಳಲ್ಲಿ ಮದ್ಯಸಾರದಿಂದ ಗಾಂಜಾದ ಸತ್ತ್ವ ತೆಗೆಯುವ ಹವ್ಯಾಸ ಹಬ್ಬಿದೆ. ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿದ್ದ ಎಚ್ಚರಿಕೆ ಅಲ್ಲಿ ಇರುವುದು ವಿರಳ. ಮದ್ಯಸಾರದ ಆವಿ ಸುಮಾರು 13 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದುದರಿಂದ ಕಣ್ಣಿಗೆ ಕಾಣದಂತೆ ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟಬಲ್ಲದು. 2018ರಲ್ಲಿ ಗಾಂಜಾಕ್ಕೆ ಮಾನ್ಯತೆ ಕೊಟ್ಟ ಕೆನಡಾ ದೇಶವೇ, ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಕಗಳಿಂದ ಮನೆಯಲ್ಲಿ ಸತ್ತ್ವ ತೆಗೆಯುವುದನ್ನು ನಿಷೇಧಿಸಿದೆ. ಭಾರತದ 1985ರ ಮಾದಕವಸ್ತು ಕಾಯಿದೆಯಂತೂ ಇಂಥ ಸತ್ತ್ವವನ್ನು ‘ಹಶೀಶ್ ತೈಲ’ವೆಂದು ಚರಸ್ಸಿನಲ್ಲಿಯೇ ಸೇರಿಸಿದೆ. ಆ ಕಾಯಿದೆಯಡಿ ‘ಅಲ್ಪ ಪ್ರಮಾಣ’ದ ಮಿತಿ ಗಾಂಜಾಕ್ಕೆ 1 ಕಿಲೋಗ್ರಾಂ, ಚರಸ್ಸಿಗೆ 100 ಗ್ರಾಂ. ಅದೇ ಕಾಯಿದೆ ಭಂಗಿಯ ಎಲೆಯನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ರಾಳ ಸಾಂದ್ರವಾದಷ್ಟೂ ಕಾನೂನಿನ ದೃಷ್ಟಿ ಕಠಿಣವಾಗಿದೆ.

2018ರಲ್ಲಿಯೇ ಅಮೆರಿಕ ದೇಶವು ಮಕ್ಕಳ ಕೆಲವು ಘೋರ ಅಪಸ್ಮಾರಗಳಿಗೆ ಎಪಿಡಿಯೋಲೆಕ್ಸ್ ಎಂಬ ದ್ರವೌಷಧಕ್ಕೆ ಒಪ್ಪಿಗೆಯಿತ್ತಿತು. ಗಾಂಜಾ ಗಿಡದಿಂದಲೇ ಪಡೆದ, ಮಾದಕವಲ್ಲದ ಕೆನಾಬಿಡಿಯಾಲ್ ಅದರ ಸಾರ; ಅದನ್ನು ಕರಗಿಸಿರುವ ದ್ರವ ಎಳ್ಳೆಣ್ಣೆ ಮತ್ತು ಮದ್ಯಸಾರ. ಕಲ್ಕತ್ತೆಯ ಆ ಕೂಸಿಗೆ ಕೊಟ್ಟ ಹನಿಗಳಿಗೂ ಇದಕ್ಕೂ ಗಿಡ ಒಂದೇ, ಮದ್ಯಸಾರವೂ ಒಂದೇ, ಬೇನೆಯೂ ಹೆಚ್ಚುಕಡಮೆ ಒಂದೇ. ಆದರೆ ಇಲ್ಲಿ ಪ್ರತಿ ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಮದ್ದು ಖಚಿತವಾಗಿ ಇರುತ್ತದೆ. ಓಶಾನೆಸಿಯವರಿಗೆ ದೊರೆಯದಿದ್ದುದೂ, ಇಂದಿನ ಅಡುಗೆಮನೆಯ ಪಾತ್ರೆಗೆ ದೊರೆಯಲಾರದುದೂ ಆ ಒಂದು ಅಂಕೆಯೇ.