ವಿಶೇಷ ಶಿಕ್ಷಣ ಮತ್ತು ಅಂಗವಿಕಲರ ಸೇವೆಗಳಲ್ಲಿ ಜಾತಿ, ಭಾಷೆ, ಪ್ರದೇಶದ ಅಸಮಾನತೆ (ಕೊಪ್ಪಳ ಜಿಲ್ಲೆ)

ಅಂಗವಿಕಲ ಮಗುವಿಗೆ ಕಾನೂನಿನಂತೆ ಸಲ್ಲಬೇಕಾದ ಶಿಕ್ಷಣ, ಪ್ರಮಾಣಪತ್ರ, ಮಾಸಾಶನ, ಸಲಕರಣೆ ಮತ್ತು ಚಿಕಿತ್ಸೆಗಳು ಆ ಮಗು ಹುಟ್ಟಿದ ಜಾತಿ, ಮನೆಯಲ್ಲಿ ಆಡುವ ಮಾತು, ಬೆಳೆಯುವ ಊರುಗಳಿಗೆ ತಕ್ಕಂತೆ ಏರುಪೇರಾಗುವುದನ್ನು ಈ ಲೇಖನ ಕೊಪ್ಪಳ ಜಿಲ್ಲೆಯ ನೆಲೆಯಲ್ಲಿ ವಿವರಿಸುತ್ತದೆ. ಅಮೆರಿಕ, ಯುರೋಪುಗಳಲ್ಲಿ ಇದು ಜನಾಂಗದ ಪ್ರಶ್ನೆಯಾಗಿ ಚರ್ಚೆಗೆ ಬಂದಿದೆ. ಕರ್ನಾಟಕದಲ್ಲಿ ಇದರ ಬೇರುಗಳು ಕೇರಿ, ತಾಂಡಾ, ಗುಳೆ ಮತ್ತು ಪ್ರಾದೇಶಿಕ ಹಿಂದುಳಿದಿರುವಿಕೆಯಲ್ಲಿವೆ.

ಹೊರದೇಶಗಳ ಪ್ರಕರಣಗಳಲ್ಲಿ ದೂರು ಹೆಚ್ಚಾಗಿ ತಪ್ಪು ಗುರುತಿಸುವಿಕೆಯದು. ಕ್ಯಾಲಿಫೋರ್ನಿಯಾದ ಲ್ಯಾರಿ ಪಿ. ಪ್ರಕರಣದಲ್ಲಿ ಕಪ್ಪು ಮಕ್ಕಳನ್ನು ಬುದ್ಧಿಮಟ್ಟದ ಪರೀಕ್ಷೆಯ ಆಧಾರದ ಮೇಲೆ 'ಮಂದಬುದ್ಧಿ' ತರಗತಿಗಳಿಗೆ ತಳ್ಳುತ್ತಿದ್ದುದನ್ನು ನ್ಯಾಯಾಲಯ 1979ರಲ್ಲಿ ತಡೆಯಿತು. ಝೆಕ್ ಗಣರಾಜ್ಯದ ಒಸ್ಟ್ರಾವಾ ನಗರದ 18 ರೋಮಾ ಮಕ್ಕಳ ಮೊಕದ್ದಮೆಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲಿ ಇಂಥದೇ ತೀರ್ಪು ಕೊಟ್ಟಿತು. ಕೊಪ್ಪಳದಲ್ಲಿ ಕಾಣುವುದು ಬಹುಮಟ್ಟಿಗೆ ಇದಕ್ಕೆ ತಿರುವುಮುರುವಾದ ಸ್ಥಿತಿ. ಇಲ್ಲಿನ ಬಡ ಮಗು ಯಾವ ಪಟ್ಟಿಗೂ ಸೇರುವುದಿಲ್ಲ. ಗುರುತಿಸುವವರಿಲ್ಲದೆ, ಅಳೆಯುವವರಿಲ್ಲದೆ ಶಾಲೆಯ ಹಿಂದಿನ ಬೆಂಚಿನಲ್ಲೋ ಮನೆಯ ಜಗುಲಿಯಲ್ಲೋ ಉಳಿದುಬಿಡುತ್ತದೆ. ಹಾಗೆ ಉಳಿಯುವವರಲ್ಲಿ ಯಾವ ಕೇರಿಯ ಮಕ್ಕಳು ಹೆಚ್ಚು ಎಂಬುದೇ ಈ ಅಸಮಾನತೆಯ ತಿರುಳು.

ಹಿನ್ನೆಲೆ

ಕೊಪ್ಪಳ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳ ಶಾಲೆ 1901ರಲ್ಲೇ ಶುರುವಾಗಿತ್ತು. ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿ, ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬೆಂಗಳೂರಿನಲ್ಲಿ ಬೆಳೆದವು. ರಾಜ್ಯದ ದಕ್ಷಿಣಕ್ಕೆ ಹೀಗೆ ಸಿಕ್ಕ ಮುನ್ನಡೆ ಉತ್ತರಕ್ಕೆ ಸಿಗಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಯಲಬುರ್ಗಾ ಮತ್ತು ಕುಷ್ಟಗಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳೆಂದು ಗುರುತಿಸಿತು. ಹಳೆಯ ಹೈದರಾಬಾದ್ ಸಂಸ್ಥಾನದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು 98ನೇ ತಿದ್ದುಪಡಿಯ ಮೂಲಕ.

ಸರ್ಕಾರ ತಲುಪದ ಕಾಲದಲ್ಲಿ ಈ ಭಾಗದ ಕುರುಡ ಮಕ್ಕಳಿಗೆ ಆಸರೆಯಾದದ್ದು ನೆರೆಯ ಗದಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಜಾತಿ ಕೇಳದೆ ಮಕ್ಕಳನ್ನು ಸೇರಿಸಿಕೊಂಡು ಅನ್ನ, ವಸತಿ, ಸಂಗೀತ ಮೂರನ್ನೂ ಕೊಟ್ಟರು. ಉತ್ತರ ಕರ್ನಾಟಕದ ವಿಶೇಷ ಶಿಕ್ಷಣದ ಚರಿತ್ರೆಯಲ್ಲಿ ಇದು ದೊಡ್ಡ ಅಧ್ಯಾಯ. ಆದರೆ ಕಿವುಡ ಮಗುವಿಗೆ, ಬೌದ್ಧಿಕ ವೈಕಲ್ಯವಿರುವ ಮಗುವಿಗೆ ಅಷ್ಟು ದೊಡ್ಡ ಬಾಗಿಲು ಈ ಸೀಮೆಯಲ್ಲಿ ತೆರೆಯಲಿಲ್ಲ. ಕೊಪ್ಪಳದಲ್ಲಿ ಸಮೂಹ ಸಂಸ್ಥೆಯ 'ಸಾಮರ್ಥ್ಯ' ವಿಭಾಗ ಸಮುದಾಯ ಆಧಾರಿತ ಪುನರ್ವಸತಿಯನ್ನು ಹಳ್ಳಿಗಳವರೆಗೆ ಒಯ್ದದ್ದು ಆಮೇಲಿನ ಮಾತು.

ಲೆಕ್ಕ ಮತ್ತು ಲೆಕ್ಕಕ್ಕೆ ಸಿಗದವರು

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಅಂದರೆ ಜನಸಂಖ್ಯೆಯ ಶೇ 2.21. ಪರಿಶಿಷ್ಟ ಜಾತಿಗಳಲ್ಲಿ ಈ ಪ್ರಮಾಣ ಶೇ 2.45, ಪರಿಶಿಷ್ಟ ಪಂಗಡಗಳಲ್ಲಿ ಶೇ 2.05. ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿತ್ತು. ದಲಿತರಲ್ಲಿ ಹೆಚ್ಚಿರುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ: ಬಸುರಿಯ ರಕ್ತಹೀನತೆ, ಹೆರಿಗೆಯ ವೇಳೆ ತಡವಾಗುವ ನೆರವು, ಮಗುವಿನ ಅಪೌಷ್ಟಿಕತೆ, ಅಪಾಯದ ಕೂಲಿ. ಪಂಗಡಗಳ ಕಡಿಮೆ ಅಂಕಿಯನ್ನು ಮಾತ್ರ ಆರೋಗ್ಯದ ಗುರುತೆಂದು ಓದಬಾರದು. ಗಣತಿದಾರರು ಕೇಳಿದ್ದು ಎಂಟು ಬಗೆಯ ವೈಕಲ್ಯಗಳನ್ನು ಮಾತ್ರ. ರೋಗನಿರ್ಣಯವೇ ಆಗದ ಮನೆಯವರು ಹೇಳುವುದಾದರೂ ಏನನ್ನು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವೈಕಲ್ಯಗಳ ಬಗೆಯನ್ನು 21ಕ್ಕೆ ಏರಿಸಿ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಕುಡಗೋಲು ಕಣ ರೋಗ ಮುಂತಾದವನ್ನು ಸೇರಿಸಿತು. ಕಲಿಕಾ ನ್ಯೂನತೆಯನ್ನು ಗುರುತಿಸುವ ತಜ್ಞರು ಹೆಚ್ಚಾಗಿ ನಗರಗಳಲ್ಲಿದ್ದಾರೆ. ಬೆಂಗಳೂರಿನ ಖಾಸಗಿ ಶಾಲೆಯ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ದೊರಕಿಸುವ ಅದೇ ತೊಂದರೆ, ಕುಷ್ಟಗಿಯ ಕೂಲಿಕಾರರ ಮಗುವಿಗೆ 'ದಡ್ಡ' ಎಂಬ ಹೆಸರು ತರುತ್ತದೆ.

ಕೊಪ್ಪಳ ಜಿಲ್ಲೆಯ ಜನರಲ್ಲಿ ಸುಮಾರು ಶೇ 19ರಷ್ಟು ಪರಿಶಿಷ್ಟ ಜಾತಿಯವರು, ಶೇ 12ರಷ್ಟು ಪರಿಶಿಷ್ಟ ಪಂಗಡದವರು. ಇದರ ಜೊತೆಗೆ ನೀರಿನ ಸಂಕಟವೂ ಇದೆ. ಯಲಬುರ್ಗಾ, ಕುಷ್ಟಗಿ ಕಡೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಬಾಲ್ಯದಿಂದ ಇಂಥ ನೀರು ಕುಡಿದರೆ ಹಲ್ಲು ಕಂದುಗಟ್ಟಿ, ಮುಂದೆ ಎಲುಬು ಬಾಗಿ, ಕೀಲು ಬಿಗಿಯುತ್ತದೆ. ಒಂದೇ ಊರಿನಲ್ಲೂ ಶುದ್ಧ ನೀರು ಕೊಳ್ಳಬಲ್ಲ ಮನೆ, ಹಾಲು ತರಕಾರಿ ತಿನ್ನಬಲ್ಲ ಮನೆ ಈ ಹಾನಿಯಿಂದ ಬಹಳಷ್ಟು ತಪ್ಪಿಸಿಕೊಳ್ಳುತ್ತವೆ.

ಅಳತೆಗೋಲಿನ ಭಾಷೆ

ಬೌದ್ಧಿಕ ವೈಕಲ್ಯ ಅಳೆಯಲು ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದು ಹೊಂದಿಸಿದರು. ಭಾರತೀಯ ಮನೋವಿಜ್ಞಾನದಲ್ಲಿ ಅದು ಹೆಮ್ಮೆಯ ಕೆಲಸ. ಆದರೆ ಕೊಪ್ಪಳದ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿ ಕಡೆ ನೆಲೆಯಾದ ಕ್ಯಾಂಪುಗಳಲ್ಲಿ ತೆಲುಗು, ಪಟ್ಟಣದ ಹಲವು ಓಣಿಗಳಲ್ಲಿ ಉರ್ದು ಕೇಳಿಬರುತ್ತದೆ. ಮಾತಿನ ಮೇಲೆ ನಿಂತ ಪ್ರಶ್ನೆಗೆ ಮಗು ಸುಮ್ಮನಿದ್ದರೆ ಅದು ತಿಳಿವಳಿಕೆಯ ಕೊರತೆಯೋ ಭಾಷೆಯ ಅಪರಿಚಯವೋ ಎಂದು ಬಿಡಿಸಲು ಪರೀಕ್ಷಕರಿಗೆ ಸಮಯವೂ ದುಭಾಷಿಯೂ ಬೇಕು. ಕ್ಯಾಲಿಫೋರ್ನಿಯಾದ ನ್ಯಾಯಾಲಯ ಎತ್ತಿದ ಪ್ರಶ್ನೆ ಇಲ್ಲಿಗೂ ಸಲ್ಲುವುದು ಈ ಒಂದು ಜಾಗದಲ್ಲಿ. ಶ್ರವಣ ಪರೀಕ್ಷೆಯ ನಂತರದ ಮಾತಿನ ತರಬೇತಿಗೂ ಇದೇ ತೊಡಕು: ತರಬೇತಿ ಕನ್ನಡದಲ್ಲಿ, ತಾಯಿಯ ಮಾತು ಇನ್ನೊಂದು.

ಪ್ರಮಾಣಪತ್ರದ ದಾರಿ

ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದೆಯೆಂಬ ಪ್ರಮಾಣಪತ್ರ ಬಹುತೇಕ ಸೌಲಭ್ಯಗಳಿಗೆ ಹೆಬ್ಬಾಗಿಲು. 2021ರ ಜೂನ್‌ನಿಂದ ಇದನ್ನು ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ (ಯುಡಿಐಡಿ) ಜಾಲತಾಣದ ಮೂಲಕವೇ ಕೊಡಬೇಕೆಂದು ನಿಯಮವಾಗಿದೆ. ಅರ್ಜಿ ಹಾಕಲು ಆಧಾರ್, ಮೊಬೈಲು, ಸೈಬರ್ ಸೆಂಟರು. ತಪಾಸಣೆಗೆ ದೊಡ್ಡ ಆಸ್ಪತ್ರೆ. ಜೊತೆಗೆ ಹೋಗುವವರ ಒಂದು ದಿನದ ಕೂಲಿ. ತಜ್ಞರು ಅಂದು ಸಿಗದಿದ್ದರೆ ಮತ್ತೊಂದು ದಿನದ ಕೂಲಿ. ಹೊಲ, ಗಾಡಿ, ಪರಿಚಯ ಇರುವ ಮನೆಗೆ ಇದು ತಾಪತ್ರಯ. ಗುಳೆ ಹೋಗುವ ಮನೆಗೆ ಇದು ಆಗದ ಕೆಲಸ, ಏಕೆಂದರೆ ಸುಗ್ಗಿ ಮುಗಿದೊಡನೆ ಕುಟುಂಬ ಬೆಂಗಳೂರು, ಗೋವಾ, ಮಹಾರಾಷ್ಟ್ರದ ಕಡೆ ಹೊರಟಿರುತ್ತದೆ. ಶಿಬಿರ ಊರಿಗೆ ಬಂದಾಗ ಮಗು ಊರಲ್ಲಿ ಇರುವುದಿಲ್ಲ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಗೆ ಇನ್ನೂ ಬಿಗಿಯಾದ ಕಟ್ಟಳೆ: ಬಡತನ ರೇಖೆಯ ಕೆಳಗಿದ್ದು ಶೇ 80 ವೈಕಲ್ಯವಿರಬೇಕು. ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಊರವರು ಮಾಸಾಶನವನ್ನು 'ಪಗಾರ' ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಅದೇ ಖಾತ್ರಿಯ ವರಮಾನ.

ಕರ್ನಾಟಕ ಈ ಅಂತರ ತುಂಬಲು ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ), ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು (ಎಂಆರ್‌ಡಬ್ಲ್ಯೂ) ನೇಮಿಸಿದೆ. ಈ ಕಾರ್ಯಕರ್ತರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು, ಗೌರವಧನದ ಮೇಲೆ ದುಡಿಯುವವರು. ದೇಶದಲ್ಲೇ ಮೆಚ್ಚತಕ್ಕ ಏರ್ಪಾಡು ಇದು. ಇವರು ಯಾವ ಓಣಿಯವರು, ಯಾವ ಓಣಿಗೆ ಸಲೀಸಾಗಿ ಕಾಲಿಡುತ್ತಾರೆ ಎಂಬುದು ಮಾತ್ರ ಊರಿನ ಜಾತಿ ನಕ್ಷೆಯನ್ನು ಅವಲಂಬಿಸಿದೆ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತರ ಪುಟ್ಟ ಮಗು ಗುಡಿಯೊಳಗೆ ಓಡಿತೆಂದು ಶುದ್ಧೀಕರಣಕ್ಕಾಗಿ ಆ ಕುಟುಂಬಕ್ಕೆ 25,000 ರೂಪಾಯಿ ದಂಡ ಹೇರಲಾಯಿತು. ಪ್ರಕರಣ ದಾಖಲಾಗಿ ಬಂಧನಗಳಾದವು. ಓಡಬಲ್ಲ ಮಗುವಿಗೇ ಇಂಥ ಗಡಿಗಳಿರುವಾಗ, ಎತ್ತಿಕೊಂಡು ಹೋಗಬೇಕಾದ ಮಗುವಿನ ತಾಯಿ ಯಾವ ಕಟ್ಟೆ, ಯಾವ ಪಡಸಾಲೆಯಲ್ಲಿ ನೆರವು ಕೇಳಬಲ್ಲಳು?

ಶಾಲೆ

2016ರ ಕಾಯ್ದೆಯ 31ನೇ ಕಲಂ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ತೀವ್ರ ಹಾಗೂ ಬಹುವಿಧ ವೈಕಲ್ಯವಿರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಆಯ್ಕೆ ನೀಡಿತು. ಸಮಗ್ರ ಶಿಕ್ಷಣ ಕರ್ನಾಟಕದ 'ಸಮನ್ವಯ ಶಿಕ್ಷಣ'ದಲ್ಲಿ ಈ ಹೊಣೆ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರದು (ಬಿಐಇಆರ್‌ಟಿ). ಬೆರಳೆಣಿಕೆಯ ಶಿಕ್ಷಕರು ಇಡೀ ತಾಲೂಕಿನ ಶಾಲೆಗಳನ್ನೂ ಮನೆಗಳನ್ನೂ ಸುತ್ತಬೇಕು. ಬಸ್ಸಿರುವ ದೊಡ್ಡ ಊರುಗಳಿಗೆ ಹೆಚ್ಚು ಸಲ ಹೋಗಲಾಗುತ್ತದೆ, ದೂರದ ತಾಂಡಾ ಸರದಿಗಾಗಿ ಕಾಯುತ್ತದೆ. ಹೆಣ್ಣುಮಗುವಾದರೆ ಕಾಯುವುದು ಇನ್ನೂ ಉದ್ದ. ವಸತಿ ಶಾಲೆ ಸಿಕ್ಕರೂ ಭದ್ರತೆಯ ಭಯದಿಂದ ಹೆತ್ತವರು ಕಳಿಸಲು ಹಿಂಜರಿಯುತ್ತಾರೆ, ಆ ಭಯಕ್ಕೆ ಕಾರಣವೂ ಇದೆ.

ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಅಕ್ಟೋಬರ್ 28ರಂದು ಪ್ರಾಥಮಿಕ ಹಂತದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. 2025ರಲ್ಲಿ ಹುದ್ದೆಗಳನ್ನು ಮಂಜೂರು ಮಾಡುವಂತೆ ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಯಿತು. ಅದಕ್ಕೂ ಮೊದಲು, 2020ರ ಜುಲೈನ ಆರ್ಯನ್ ರಾಜ್ ಪ್ರಕರಣದಲ್ಲಿ, ಅಂಗವಿಕಲರೂ ಸಾಮಾಜಿಕವಾಗಿ ಹಿಂದುಳಿದವರೇ, ಪರಿಶಿಷ್ಟರಿಗಿರುವ ರಿಯಾಯಿತಿ ಅವರಿಗೂ ಸಲ್ಲಬೇಕೆಂದು ಅದೇ ನ್ಯಾಯಾಲಯ ಒಪ್ಪಿತ್ತು. ಎರಡೂ ಹೊರೆಗಳನ್ನು ಒಟ್ಟಿಗೆ ಹೊತ್ತ ದಲಿತ ಅಂಗವಿಕಲ ಮಗುವಿನ ವಿಷಯ ಆ ಪ್ರಕರಣದ ವ್ಯಾಪ್ತಿಯಲ್ಲಿರಲಿಲ್ಲ. ಇಂಥ ಮಗುವಿಗೆ ಎಷ್ಟು ತಲುಪಿತೆಂದು ತಿಳಿಯಲು ಲೆಕ್ಕ ಬೇಕು. ಅಮೆರಿಕದಲ್ಲಿ ಕಾನೂನಿನಂತೆ ರಾಜ್ಯಗಳು ವಿಶೇಷ ಶಿಕ್ಷಣದ ಮಕ್ಕಳನ್ನು ಜನಾಂಗವಾರು ಲೆಕ್ಕಹಾಕಿ, ಅಂತರ ಮಿತಿಮೀರಿದ ಶಾಲಾ ಜಿಲ್ಲೆಗಳನ್ನು ಗುರುತಿಸಬೇಕು. ಕರ್ನಾಟಕದಲ್ಲಿ ಸಂಪನ್ಮೂಲ ಶಿಕ್ಷಕರ ಭೇಟಿ, ಗೃಹಾಧಾರಿತ ಶಿಕ್ಷಣ, ಶ್ರವಣ ಸಾಧನ, ಯುಡಿಐಡಿ ಕಾರ್ಡು ಇವು ತಾಲೂಕುವಾರು, ಜಾತಿವಾರು ಯಾರಿಗೆಷ್ಟು ತಲುಪಿದವೆಂದು ವರ್ಷವರ್ಷವೂ ಪ್ರಕಟಿಸಲು ಹೊಸ ಕಾನೂನಿನ ಅಗತ್ಯವಿಲ್ಲ. ಅರ್ಜಿಯ ನಮೂನೆಯಲ್ಲಿ ಒಂದು ಕಾಲಂ, ಜಿಲ್ಲಾ ಪಂಚಾಯಿತಿಯ ವಾರ್ಷಿಕ ವರದಿಯಲ್ಲಿ ಒಂದು ಪುಟ ಸಾಕು.