ರಾಬರ್ಟ್‌ಸನ್‌ಪೇಟೆಯ ಶಕ್ತಿ ಮಾತ್ರೆಗಳು

ನಮ್ಮಪ್ಪ ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್ಸ್‌ನಲ್ಲಿದ್ದವರು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳ, 60 ಡಿಗ್ರಿ ದಾಟಿದ ಬಂಡೆಯ ಕಾವು. ಆ ದುಡಿಮೆಗೆ ಕಸುವು ಕೊಟ್ಟಿದ್ದು ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. ಗಣಿ ಕಾರ್ಮಿಕರ ಮನೆಸಾಲುಗಳಿಗೆ ಲೈನು ಅನ್ನುತ್ತಿದ್ದೆವು; ಪಕ್ಕದ ಲೈನಿನ ತಮಿಳರ ಮನೆಗಳಲ್ಲಿ ಕುಸುಬಲಕ್ಕಿ ಅನ್ನ. ಭತ್ತ ಬೇಯಿಸುವಾಗ ತೌಡಿನಲ್ಲಿರುವ ಬಿ1 ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಮಿಲ್ಲಿನ ಬಿಳಿ ಅಕ್ಕಿಯನ್ನೇ ನಂಬಿದ ಊರುಗಳಲ್ಲಿ ಅದರ ಕೊರತೆಯ ರೋಗ ಬೆರಿಬೆರಿ ಕಾಡಿತು. 1918ರಲ್ಲಿ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ ಕೂನೂರಿನಲ್ಲಿ ಆ ರೋಗದ ಅಧ್ಯಯನಕ್ಕೆ ಕೂತರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಬೆಳೆದದ್ದು ಅಲ್ಲಿಂದಲೇ.

ಮಾತ್ರೆ ಬಂದದ್ದು ಆಮೇಲೆ. ಬೊಂಬಾಯಿಯ ಬಟ್ಟೆ ಗಿರಣಿಗಳ ಬಸುರಿ ಹೆಂಗಸರ ರಕ್ತಹೀನತೆಯನ್ನು 1930ರ ಸುಮಾರಿಗೆ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್ ಯೀಸ್ಟ್ ಸಾರದಿಂದ ವಾಸಿ ಮಾಡಿದರು. ಅದರಲ್ಲಿದ್ದದ್ದು ಫೋಲಿಕ್ ಆಮ್ಲ. 1970ರಿಂದ ಸರ್ಕಾರವೇ ಕಬ್ಬಿಣ ಮತ್ತು ಫೋಲಿಕ್ ಮಾತ್ರೆ ಹಂಚತೊಡಗಿತು. ನಮ್ಮ ಲೈನುಗಳಲ್ಲಿ ಅಂಥ ಮಾತ್ರೆ ಡಾಕ್ಟರ ಚೀಟಿಯೊಂದಿಗೆ ಮನೆಗೆ ಬರುತ್ತಿತ್ತು. ಎಷ್ಟು, ಎಷ್ಟು ದಿನ ಅನ್ನುವುದು ಅದರಲ್ಲೇ ಬರೆದಿರುತ್ತಿತ್ತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕಂಪನಿ ಆಸ್ಪತ್ರೆಗೂ ಬೀಗ ಬಿತ್ತು. ಗಣಿಯವರ ಮಕ್ಕಳು ನಸುಕಿಗೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಸುಸ್ತಾಯಿತೆಂದರೆ ನೇರ ನನ್ನ ಔಷಧಿ ಅಂಗಡಿಗೇ ಬರುತ್ತಾರೆ.

"ಅಕ್ಕಾ, ಕೀಲೆಲ್ಲಾ ನೋವು, ಒಂದು ಕ್ಯಾಲ್ಸಿಯಂ ಡಬ್ಬಿ ಕೊಡಿ." ಇದನ್ನು ಕೇಳದ ದಿನವಿಲ್ಲ. ಕೋಲಾರ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ ಬರುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ಹಾಗಿರುವಾಗ ನೀರು ಬದಲಿಸದೆ ಮಾತ್ರೆ ನುಂಗಿ ಏನು ಬಂತು?

ಇನ್ನೊಬ್ಬರು ತಂದ ಚೀಟಿಯಲ್ಲಿ 60,000 ಯೂನಿಟ್ಟಿನ ಡಿ3, ವಾರಕ್ಕೊಂದರಂತೆ ಎಂಟು ವಾರ ಎಂದಿತ್ತು. ಅವರು ದಿನಕ್ಕೊಂದು ನುಂಗುತ್ತಿದ್ದರು. ಬಿ, ಸಿ ಜೀವಸತ್ವಗಳು ಹೆಚ್ಚಾದರೆ ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತವೆ. ಎ, ಡಿ ಮೈಯಲ್ಲೇ ಉಳಿಯುತ್ತವೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು. ಅವರನ್ನು ಅಂದೇ ರಕ್ತಪರೀಕ್ಷೆಗೆ ಕಳಿಸಿದೆ.

ಚೀಟಿಯಿಲ್ಲದೆ ಕೊಳ್ಳುವ ಇಂಥ ಶಕ್ತಿ ಡಬ್ಬಿಗಳಿಗೆ, ಅಂದರೆ ಪೂರಕ ಆಹಾರಕ್ಕೆಂದೇ 2016ರಲ್ಲಿ ನಿಯಮ ಬಂತು. ಅದರ ಪ್ರಕಾರ ಡಬ್ಬಿಯ ಮೇಲೆ 'ಔಷಧಿಯಾಗಿ ಬಳಸಲು ಅಲ್ಲ' ಎಂದು ಮುದ್ರಿಸಲೇಬೇಕು. ಆ ಸಾಲನ್ನು ಯಾರೂ ಓದುವುದಿಲ್ಲ, ಪೈಲ್ವಾನನ ಚಿತ್ರ ನೋಡಿ ಕೊಳ್ಳುತ್ತಾರೆ. ಇದು ನನಗೆ ತುಂಬ ಸಂಕಟದ ಸಂಗತಿ.

ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯವರಲ್ಲಿ ನನ್ನದೊಂದು ಕೋರಿಕೆ. ಕಬ್ಬಿಣದ ಮಾತ್ರೆಯ ಹಿಂದೆಯೇ ಟೀ ಕುಡಿಯಬೇಡಿ, ಕ್ಯಾಲ್ಸಿಯಂ ಜೊತೆಗೂ ನುಂಗಬೇಡಿ. ಮನೆಯಲ್ಲಿರುವ ಶಕ್ತಿ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ಕುಡಿಯುವ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.